ಎಲೆ ಕಪ್ಪಾದರೆ ಎಲೆಗೆ ಮದ್ದು ಬೇಡ, ಮೇಲೆ ಕೂತು ರಸ ಕುಡಿಯುವವರನ್ನು ನೋಡಿ

ಜನವರಿ ಕಳೆದು ಬಿಸಿಲು ಏರತೊಡಗಿದ ಮೇಲೆ ನನ್ನ ಮೊಬೈಲಿಗೆ ಬರುವ ಫೋಟೋಗಳಲ್ಲಿ ಅರ್ಧಕ್ಕರ್ಧ ಒಂದೇ ತರಹದವು. ಕಾಳುಮೆಣಸಿನ ಎಲೆ ಮೇಲೆ ಕಪ್ಪು ಮಸಿ. ಅಡಿಕೆ ಸೋಗೆ ಮೇಲೆ ಮಸಿ. ಬಾಳೆ ಎಲೆಗಂತೂ ಒಲೆ ಮೇಲಿನ ಪಾತ್ರೆಯ ತಳದ ಬಣ್ಣ. ಪ್ರಶ್ನೆಯೂ ಒಂದೇ: "ಇದು ಯಾವ ರೋಗ, ಯಾವ ಮದ್ದು ಹೊಡೀಬೇಕು?" ಕೆಲವರು ಕೇಳುವ ಮೊದಲೇ ಅಂಗಡಿಯವರು ಕೊಟ್ಟ ಶಿಲೀಂಧ್ರನಾಶಕವನ್ನು ಎರಡು ಸಲ ಹೊಡೆದು ಆಗಿರುತ್ತದೆ. ಮಸಿ ಮಾತ್ರ ಹಾಗೇ ಇರುತ್ತದೆ.

ಮದ್ದು ಕೊಳ್ಳುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಒದ್ದೆ ಬಟ್ಟೆಯಿಂದ ಎಲೆಯನ್ನು ಸ್ವಲ್ಪ ಒತ್ತಿ ಒರೆಸಿ. ಕಪ್ಪು ಬಟ್ಟೆಗೆ ಬಂದು ಕೆಳಗೆ ಹಸಿರು ಎಲೆ ಕಂಡರೆ ಅದು ಎಲೆಗೆ ಬಂದ ರೋಗ ಅಲ್ಲ. ಎಲೆಯ ಮೇಲೆ ಬೆಳೆದ ಬೂಷ್ಟು ಅಷ್ಟೆ. ಒರೆಸಿದರೂ ಹೋಗದೆ ಕಲೆ ಎಲೆಯ ಒಳಗೇ ಇದ್ದರೆ, ಸುತ್ತ ಹಳದಿ ಉಂಗುರ ಇದ್ದರೆ, ಅದು ಬೇರೆ ಕಥೆ. ಅಡಿಕೆಯಲ್ಲಿ ಈಗ ಮಲೆನಾಡನ್ನು ಕಾಡುತ್ತಿರುವ ಎಲೆಚುಕ್ಕಿ ರೋಗ ಆ ಬಗೆಯದು. ಅದಕ್ಕೆ ಶಿಲೀಂಧ್ರನಾಶಕ ಬೇಕೇ ಬೇಕು. ಈ ಎರಡನ್ನು ಒಂದೇ ಎಂದು ತಿಳಿದು ಖರ್ಚು ಮಾಡಿಕೊಳ್ಳುವವರು ಬಹಳ ಜನ ಇರುವುದರಿಂದ ಈ ವಾರ ಇದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಬಟ್ಟೆಗೆ ಬಂದ ಆ ಬೂಷ್ಟು ಎಲೆಯನ್ನು ತಿನ್ನುವುದಿಲ್ಲ. ಎಲೆ ಮೇಲೆ ಬಿದ್ದ ಸಕ್ಕರೆಯನ್ನು ತಿನ್ನುತ್ತದೆ. ಸಕ್ಕರೆ ಎಲ್ಲಿಂದ ಬಂತು ಅಂದರೆ ಮರದ ರಸದಿಂದ. ತಂದು ಸುರಿದವರು ಮೇಲೆ ಕೂತಿದ್ದಾರೆ.

ಮರದಲ್ಲಿ ಹರಿಯುವ ಎರಡು ನೀರು

ಮರಕ್ಕೆ ಗಾಯ ಮಾಡಿದರೆ ಬರುವುದನ್ನೆಲ್ಲ ನಾವು ರಸ ಎಂದುಬಿಡುತ್ತೇವೆ. ಆದರೆ ಮಾವಿನಕಾಯಿ ತೊಟ್ಟು ಮುರಿದಾಗ ಚಿಮ್ಮುವ ಸೊನೆ, ಹಲಸಿನ ಹಾಲು, ಜಾಲಿಯ ಗೋಂದು ಇವು ಆಹಾರ ಸಾಗಿಸುವ ರಸ ಅಲ್ಲ. ಸೊನೆ, ಹಾಲು ಇರುವುದೇ ಕಚ್ಚಲು ಬಂದವರ ಬಾಯಿ ಸುಡಲಿಕ್ಕೆ, ಬಾಯಿ ಅಂಟಿಸಲಿಕ್ಕೆ. ಗೋಂದು ಗಾಯ ಮುಚ್ಚಲಿಕ್ಕೆ.

ನಿಜವಾದ ರಸ ಎರಡು ದಾರಿಯಲ್ಲಿ ಹರಿಯುತ್ತದೆ. ಬೇರಿನಿಂದ ಮೇಲಕ್ಕೆ ನೀರು ಮತ್ತು ಒಂದಿಷ್ಟು ಲವಣ ಹೋಗುವುದು ನೀರಿನ ನಾಳದಲ್ಲಿ. ಎಲೆಯಲ್ಲಿ ತಯಾರಾದ ಸಕ್ಕರೆ ಕಾಯಿ, ಚಿಗುರು, ಬೇರುಗಳಿಗೆ ಹೋಗುವುದು ಆಹಾರ ನಾಳದಲ್ಲಿ. ಶಾಲೆಯಲ್ಲಿ ಕ್ಸೈಲಂ, ಫ್ಲೋಯಂ ಅಂತ ಬಾಯಿಪಾಠ ಮಾಡಿದ್ದು ಇವನ್ನೇ.

ಆಹಾರ ನಾಳದ ರಸ ಹೇಗಿರುತ್ತದೆ ಎಂದು ತೆಂಗು ಬೆಳೆಯುವವರಿಗೆ ಹೇಳಿಕೊಡಬೇಕಾಗಿಲ್ಲ. ಅರಳದ ಹೊಂಬಾಳೆಯನ್ನು ಕಟ್ಟಿ, ತಟ್ಟಿ, ತುದಿ ಕೊಯ್ದು ಇಳಿಸುವ ನೀರಾ ಅದೇ. ನೂರಕ್ಕೆ ಹದಿನಾಲ್ಕು ಹದಿನೈದು ಪಾಲು ಸಕ್ಕರೆ ಇರುವ ರಸ. ಕಾಯಿ ಆಗಬೇಕಾಗಿದ್ದ ಸಕ್ಕರೆ ಮಡಕೆಗೆ ಬೀಳುತ್ತದೆ. ಬೈನೆ ಮರದ ಕಳ್ಳೂ ಹಾಗೆಯೇ. ನಾವು ಕತ್ತಿ ಹಾಕಿ ಮಾಡುವ ಕೆಲಸವನ್ನು ಬಿಳಿನೊಣ, ಹಿಟ್ಟು ತಿಗಣೆ, ಸಸ್ಯಹೇನು, ಜಿಗಿಹುಳುಗಳು ಕೂದಲಿಗಿಂತ ಸಪೂರವಾದ ಸೂಜಿಬಾಯಿಯಲ್ಲಿ ಮಾಡುತ್ತವೆ.

ಸೂಜಿ ಚುಚ್ಚಿದ ಮೇಲೆ ಅವು ಕಷ್ಟಪಟ್ಟು ಎಳೆಯಬೇಕಾಗಿಯೂ ಇಲ್ಲ. ಆಹಾರ ನಾಳದೊಳಗೆ ರಸ ಕಾರಿನ ಟಯರಿನ ಗಾಳಿಗಿಂತ ಹೆಚ್ಚಿನ ಒತ್ತಡದಲ್ಲಿ ಇರುತ್ತದೆ. 1953ರಲ್ಲಿ ಕೆನಡಿ ಮತ್ತು ಮಿಟ್ಲರ್ ಎಂಬ ಇಬ್ಬರು ವಿಜ್ಞಾನಿಗಳು ರಸ ಕುಡಿಯುತ್ತಿದ್ದ ಸಸ್ಯಹೇನಿನ ಸೂಜಿಬಾಯಿಯನ್ನು ಅಲ್ಲೇ ಕತ್ತರಿಸಿ ನೋಡಿದರು. ಹೇನು ಹೋದರೂ ಗಿಡದಲ್ಲಿ ಉಳಿದ ತುಂಡಿನಿಂದ ರಸ ಗಂಟೆಗಟ್ಟಲೆ ತೊಟ್ಟಿಕ್ಕುತ್ತಲೇ ಇತ್ತಂತೆ. ಶುದ್ಧ ರಸ ಸಂಗ್ರಹಿಸಲು ವಿಜ್ಞಾನಿಗಳು ಈ ಉಪಾಯವನ್ನು ಆಮೇಲೂ ಬಳಸುತ್ತಾ ಬಂದಿದ್ದಾರೆ.

ನೀರಿನ ನಾಳದಿಂದ ಕುಡಿಯುವವರೂ ಇದ್ದಾರೆ. ಮಳೆಗಾಲದಲ್ಲಿ ಗಿಡದ ಕಣ್ಣಿನಲ್ಲಿ ಉಗುಳಿನಂತೆ ನೊರೆ ಕಾಣುತ್ತದಲ್ಲ, ಅದರೊಳಗಿನ ನೊರೆಹುಳು, ಮಳೆಗೆ ಮುಂಚೆ ಕಾಡೆಲ್ಲ ಕಿವಿಗಡಚಿಕ್ಕುವ ಹಾಗೆ ಕೂಗುವ ಜೀರುಂಡೆ ಇವೆಲ್ಲ ಆ ಕಡೆಯವು. ಆ ರಸದಲ್ಲಿ ಸತ್ವ ತೀರಾ ಕಡಿಮೆ, ಹಾಗಾಗಿ ಕುಡಿದದ್ದರಲ್ಲಿ ಬಹುಪಾಲು ಬರೀ ನೀರಾಗಿ ಹೊರಗೆ ಹೋಗುತ್ತದೆ. ಮೋಡ ಇಲ್ಲದ ದಿನ ಮರದ ಕೆಳಗೆ ಹನಿ ಬಿದ್ದರೆ ಆಶ್ಚರ್ಯಪಡಬೇಡಿ. ತೋಟಕ್ಕೆ ಇವುಗಳಿಂದ ಸಾಮಾನ್ಯವಾಗಿ ತಲೆಬಿಸಿ ಇಲ್ಲ, ಬಿಟ್ಟುಬಿಡಿ.

ಸಕ್ಕರೆ ಯಾಕೆ ಸುರಿಸುತ್ತವೆ?

ಆಹಾರ ನಾಳದ ರಸದಲ್ಲಿ ಸಕ್ಕರೆ ಬೇಕಾದಷ್ಟಿದೆ, ಆದರೆ ಮೈ ಬೆಳೆಯಲು ಬೇಕಾದ ಸಾರಜನಕದ ಅಂಶ, ಅಂದರೆ ಅಮೈನೋ ಆಮ್ಲ, ಬಹಳ ಕಡಿಮೆ. ಬರೀ ಬೆಲ್ಲದ ನೀರು ಕುಡಿದು ಮಗು ಬೆಳೆಯುತ್ತದೆಯೇ? ಈ ಕೀಟಗಳ ಪಾಡೂ ಅದೇ. ಅವುಗಳ ಹೊಟ್ಟೆಯೊಳಗೆ ಕೊರತೆಯ ಅಮೈನೋ ಆಮ್ಲಗಳನ್ನು ತಯಾರಿಸಿಕೊಡುವ ಬ್ಯಾಕ್ಟೀರಿಯಾಗಳು ಮನೆಮಾಡಿಕೊಂಡಿವೆ. ಸಸ್ಯಹೇನಿನಲ್ಲಿರುವುದಕ್ಕೆ ಬುಕ್ನೆರಾ ಎಂದು ಹೆಸರು, ತಾಯಿಯಿಂದ ಮರಿಗೆ ಹಾಗೇ ಬರುತ್ತದೆ. ಅಷ್ಟಿದ್ದರೂ ಸಾಲದು. ಬೇಕಾದ ಚೂರು ಸತ್ವಕ್ಕಾಗಿ ರಸವನ್ನು ಕುಡಿಯುತ್ತಲೇ ಇರಬೇಕು, ಬೇಡದ ಸಕ್ಕರೆಯನ್ನು ಹಿಂದಿನಿಂದ ಬಿಡುತ್ತಲೇ ಇರಬೇಕು. ಆ ಸಿಹಿ ಅಂಟು ಕೆಳಗಿನ ಎಲೆಗೆ ಬೀಳುತ್ತದೆ, ಅದರ ಮೇಲೆ ಕಪ್ಪು ಬೂಷ್ಟು ಕೂರುತ್ತದೆ, ಎಲೆಗೆ ಬಿಸಿಲು ತಾಗುವುದು ಕಡಿಮೆಯಾಗುತ್ತದೆ.

ಇದರಿಂದ ಒಂದು ಪ್ರಯೋಜನದ ಮಾತು ಹೊರಡುತ್ತದೆ. ಗಿಡಕ್ಕೆ ಯೂರಿಯಾ ಹೆಚ್ಚು ಸುರಿದರೆ ರಸದಲ್ಲಿ ಈ ಕೀಟಗಳಿಗೆ ಕೊರತೆಯಾಗಿರುವ ಅದೇ ಸಾರಜನಕ ಹೆಚ್ಚುತ್ತದೆ. ಎಲೆ ಕಡುಹಸಿರಾಗಿ ಮೆತ್ತಗಾದ ತೋಟಕ್ಕೆ ಹೇನು, ತಿಗಣೆ ಮೊದಲು ಬರುವುದು ಸುಮ್ಮನೆ ಅಲ್ಲ. ಬೂಷ್ಟಿಗೆ ಮದ್ದು ಕೇಳುವವರಿಗೆ ನಾನು ತಿರುಗಿ ಕೇಳುವ ಮೊದಲ ಪ್ರಶ್ನೆ "ಗೊಬ್ಬರ ಎಷ್ಟು ಹಾಕಿದ್ದೀರಿ, ಪೊಟ್ಯಾಶ್ ಹಾಕಿದ್ದೀರಾ?" ಅಂತ. ಕೆಲವರಿಗೆ ಇದು ಉತ್ತರ ತಪ್ಪಿಸಿಕೊಳ್ಳುವ ಮಾತಿನಂತೆ ಕೇಳಿಸುತ್ತದೆ. ಅಲ್ಲ.

ಒಂದು ಮಾತು ಪಕ್ಕಕ್ಕೆ. ರಸ ಕುಡಿಯುವ ಹುಳುಗಳೆಲ್ಲ ನಷ್ಟದವೇ ಅಂದುಕೊಳ್ಳಬೇಡಿ. ಮುತ್ತುಗ, ಬೋರೆ ಮುಂತಾದ ಮರಗಳ ಕೊಂಬೆಗೆ ಅಂಟಿಕೊಂಡು ರಸ ಕುಡಿದು ಮೈಮೇಲೆ ರಾಳದ ಹೊದಿಕೆ ಮಾಡಿಕೊಳ್ಳುವ ಪುಟ್ಟ ಹುಳುವಿನಿಂದಲೇ ಅರಗು ಸಿಗುವುದು. ಜಾರ್ಖಂಡ್, ಛತ್ತೀಸ್‌ಗಢದ ಕಡೆ ಅದನ್ನು ಬೆಳೆ ಅಂತಲೇ ಸಾಕುತ್ತಾರೆ. ಚನ್ನಪಟ್ಟಣದ ಗೊಂಬೆಯ ಹೊಳಪು ಆ ಅರಗಿನದು. ಹಿಟ್ಟು ತಿಗಣೆಯ ದೂರದ ನೆಂಟ ಇದು.

ತೆಂಗಿನ ಬಿಳಿನೊಣ: ಸುಮ್ಮನಿರುವುದೇ ಕೆಲಸ

ಕರಾವಳಿ, ತುಮಕೂರು, ಹಾಸನದ ಕಡೆಯಿಂದ ಬರುವ ಮಸಿಯ ಫೋಟೋಗಳಲ್ಲಿ ಹೆಚ್ಚಿನವಕ್ಕೆ ಕಾರಣ ತೆಂಗಿನ ಗರಿಯ ಅಡಿಯಲ್ಲಿ ಕೂತ ಸುರುಳಿ ಬಿಳಿನೊಣ. ಇದು ನಮ್ಮ ನಾಡಿನ ಕೀಟ ಅಲ್ಲ, ಮಧ್ಯ ಅಮೆರಿಕದ್ದು. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟದ್ದೇ 2004ರಲ್ಲಿ. ಭಾರತದಲ್ಲಿ ಮೊದಲು ಕಂಡದ್ದು 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಭಾಗದಲ್ಲಿ. ಅಲ್ಲಿಂದ ಕೇರಳ, ಕರ್ನಾಟಕಕ್ಕೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಗರಿಯ ಅಡಿಭಾಗದಲ್ಲಿ ಬಿಳಿ ಮೇಣದಲ್ಲಿ ರಂಗೋಲಿ ಸುರುಳಿ ಹಾಕಿದಂತೆ ಮೊಟ್ಟೆ ಇಡುತ್ತದೆ. ಕೆಳಗಿನ ಅಡಿಕೆ, ಬಾಳೆ, ಮೆಣಸು ಎಲ್ಲಕ್ಕೂ ಅಂಟು ಸುರಿಯುತ್ತದೆ. ಬಾಳೆ, ಪೇರಳೆಯಂತಹ ಗಿಡಗಳ ಮೇಲೂ ತಾನೇ ಬಂದು ಕೂರುತ್ತದೆ.

ನೋಡಲು ಭಯ ಆಗುತ್ತದೆ, ಒಪ್ಪುತ್ತೇನೆ. ಆದರೆ ಇದರಿಂದಲೇ ತೆಂಗಿನ ಮರ ಸತ್ತದ್ದನ್ನು ನಾನು ಈವರೆಗೆ ನೋಡಿಲ್ಲ. ಬಲವಾದ ಕೀಟನಾಶಕ ಹೊಡೆದು ಬಿಳಿನೊಣ ಇನ್ನೂ ಹೆಚ್ಚಾದ ತೋಟಗಳನ್ನು ಬೇಕಾದಷ್ಟು ನೋಡಿದ್ದೇನೆ. ಕಾರಣ ಸರಳ. ಬಿಳಿನೊಣದ ಮರಿಯೊಳಗೆ ಮೊಟ್ಟೆ ಇಟ್ಟು ಅದನ್ನು ಒಳಗಿನಿಂದ ತಿಂದು ಮುಗಿಸುವ ಎನ್ಕಾರ್ಸಿಯಾ ಗ್ವಾಡೆಲೂಪೆ ಎಂಬ ಚುಕ್ಕೆಯಷ್ಟು ದೊಡ್ಡ ಕಣಜ ನಮ್ಮಲ್ಲಿದೆ. ಹಿಂದೆ ಪೇರಳೆ, ಮರಗೆಣಸಿಗೆ ಬಂದಿದ್ದ ಇನ್ನೊಂದು ಸುರುಳಿ ಬಿಳಿನೊಣದ ಬೆನ್ನು ಹತ್ತಿ ನೆಲೆಯಾದ ಕಣಜ ಇದು. ಹೊಸಬನನ್ನೂ ಬಿಡಲಿಲ್ಲ. ನೀವು ಹೊಡೆದ ಮದ್ದು ಮೇಣದ ಅಡಿ ಕೂತ ಬಿಳಿನೊಣವನ್ನು ಅರ್ಧಂಬರ್ಧ ಕೊಲ್ಲುತ್ತದೆ, ಹೊರಗೆ ಓಡಾಡುವ ಕಣಜವನ್ನು ಪೂರ್ತಿ ಕೊಲ್ಲುತ್ತದೆ. ಎರಡು ತಿಂಗಳಲ್ಲಿ ಬಿಳಿನೊಣ ವಾಪಸು, ಕಣಜ ಇಲ್ಲ. ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ವಿಜ್ಞಾನಿಗಳು ಈ ಕೀಟಕ್ಕೆ ಕೀಟನಾಶಕದ ರಜೆ ಕೊಡಿ ಎಂದು ಹೇಳುವುದು ಇದೇ ಕಾರಣಕ್ಕೆ.

ನಿಮ್ಮ ತೋಟದಲ್ಲಿ ಕಣಜ ಇದೆಯೋ ಇಲ್ಲವೋ ತಿಳಿಯಲು ಒಂದು ಭೂತಗನ್ನಡಿ ಸಾಕು. ಕೈಗೆ ಸಿಗುವ ಗರಿಯ ಅಡಿಯಲ್ಲಿ ಬಿಳಿನೊಣದ ಖಾಲಿ ಚಿಪ್ಪುಗಳನ್ನು ನೋಡಿ. ಬಿಳಿನೊಣವೇ ಹೊರಬಂದಿದ್ದರೆ ಚಿಪ್ಪಿನ ಬೆನ್ನು ಇಂಗ್ಲಿಷಿನ ಟಿ ಅಕ್ಷರದಂತೆ ಸೀಳಿರುತ್ತದೆ. ಕಣಜ ಬಂದಿದ್ದರೆ ಸೂಜಿಯಿಂದ ಕೊರೆದಂತೆ ಗುಂಡಗಿನ ತೂತು. ಹತ್ತು ಚಿಪ್ಪಿನಲ್ಲಿ ಐದಾರು ಗುಂಡು ತೂತು ಇದ್ದರೆ ಸ್ಪ್ರೇಯರನ್ನು ಕೊಟ್ಟಿಗೆಯಲ್ಲೇ ಇಡಿ. ಕಣಜ ತೀರಾ ಕಡಿಮೆ ಕಂಡರೆ ಅದು ಹೆಚ್ಚಿರುವ ತೋಟದಿಂದ ಗುಂಡು ತೂತಿನ ಜೊತೆಗೆ ಇನ್ನೂ ಒಡೆಯದ ಚಿಪ್ಪುಗಳೂ ಇರುವ ಗರಿ ತುಂಡುಗಳನ್ನು ತಂದು ಕಟ್ಟಬಹುದು. ಆದರೆ ಬಿಳಿನೊಣ ಈಗಾಗಲೇ ಇರುವ ತೋಟಕ್ಕೆ ಮಾತ್ರ. ಇಲ್ಲದ ಕಡೆಗೆ ಹೀಗೆ ಗರಿ ಸಾಗಿಸಿದರೆ ಕೀಟವನ್ನೇ ಸಾಗಿಸಿದ ಹಾಗೆ.

ಮಸಿಯನ್ನು ತಿನ್ನಲೂ ಒಬ್ಬರಿದ್ದಾರೆ. ಲಿಯೋಕ್ರೈನಸ್ ನೀಲಗಿರಿಯಾನಸ್ ಎಂಬ ಸಣ್ಣ ದುಂಬಿಯೊಂದು ತೆಂಗಿನ ಗರಿಯ ಮೇಲಿನ ಕಪ್ಪು ಬೂಷ್ಟನ್ನು ಮೇಯ್ದು ಗರಿಯನ್ನು ಹಸಿರು ಮಾಡುತ್ತದೆ. ಹುಳು ಕಂಡ ಕೂಡಲೇ ಮದ್ದು ಅನ್ನುವವರು ಇದನ್ನೂ ಕೀಟ ಎಂದೇ ಕೊಲ್ಲುತ್ತಾರೆ.

ಏನೂ ಮಾಡದೆ ಕೂರಲು ಮನಸ್ಸು ಒಪ್ಪದಿದ್ದರೆ ಸಣ್ಣ ಮರಗಳಿಗೆ ಗರಿಯ ಅಡಿಭಾಗಕ್ಕೆ ತಾಗುವಂತೆ ಪಂಪಿನಲ್ಲಿ ಜೋರಾಗಿ ಬರೀ ನೀರು ಹೊಡೆಯಿರಿ. ತೀರಾ ಹೆಚ್ಚಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಅದು ನೀರಿನಲ್ಲಿ ಬೆರೆಯುವಷ್ಟು ಸೋಪು. ಇದಕ್ಕಿಂತ ಮುಂದೆ ಹೋಗಬೇಡಿ. ಮರಕ್ಕೆ ಬೇಸಿಗೆಯಲ್ಲಿ ನೀರು, ವರ್ಷಕ್ಕೆ ಸರಿಯಾದ ಗೊಬ್ಬರ ಸಿಕ್ಕರೆ ಕಳೆದುಕೊಂಡ ರಸವನ್ನು ಅದು ತುಂಬಿಕೊಳ್ಳುತ್ತದೆ. ಜೋರು ಮಳೆ ಹಿಡಿದ ಮೇಲೆ ಬಿಳಿನೊಣ ತಾನಾಗಿ ತಗ್ಗುತ್ತದೆ.

ಕಾಂಡದ ಮೇಲೆ ಇರುವೆ ಸಾಲು

ಸಿಹಿ ಇದ್ದಲ್ಲಿ ಇರುವೆ. ಆದರೆ ಇಲ್ಲಿ ಇರುವೆ ಸುಮ್ಮನೆ ನೆಕ್ಕಿ ಹೋಗುವ ನೆಂಟ ಅಲ್ಲ, ದನ ಕಾಯುವವನು. ಹಿಟ್ಟು ತಿಗಣೆ, ಸಸ್ಯಹೇನು, ಶಲ್ಕ ಕೀಟಗಳ ಹತ್ತಿರ ಗುಲಗಂಜಿ ಹುಳು ಬಂದರೆ ಅಟ್ಟುತ್ತದೆ, ಕಣಜ ಬಂದರೆ ಅಟ್ಟುತ್ತದೆ. ಕೆಲವು ಇರುವೆಗಳು ಹಿಟ್ಟು ತಿಗಣೆಯನ್ನು ಬಾಯಲ್ಲಿ ಕಚ್ಚಿಕೊಂಡು ಹೊಸ ಚಿಗುರಿಗೆ ಸಾಗಿಸುತ್ತವೆ. ಹಿಟ್ಟು ತಿಗಣೆಗೆ ಎಷ್ಟು ಮದ್ದು ಹೊಡೆದರೂ ಹೋಗುತ್ತಿಲ್ಲ ಎನ್ನುವ ತೋಟದಲ್ಲಿ ಮೊದಲು ಕಾಂಡ ನೋಡಿ. ಮೇಲೆ ಕೆಳಗೆ ಇರುವೆ ಸಾಲು ಇದ್ದರೆ ಅದನ್ನು ತಡೆಯದೆ ಬೇರೆ ಏನು ಮಾಡಿದರೂ ಅಷ್ಟಕ್ಕಷ್ಟೆ. ಕಾಫಿ ಬೆಳೆಗಾರರು ಇದನ್ನು ಬಹಳ ಹಿಂದೆಯೇ ಕಲಿತಿದ್ದಾರೆ. ಹಸಿರು ಶಲ್ಕಕ್ಕೂ ಹಿಟ್ಟು ತಿಗಣೆಗೂ ಅವರ ಮೊದಲ ಕೆಲಸ ಇರುವೆ ಗೂಡು ಹುಡುಕುವುದು.

ಕಾಂಡಕ್ಕೆ ಒಂದು ಗೇಣು ಅಗಲದ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ ಅದರ ಮೇಲೆ ಗ್ರೀಸ್ ಬಳಿಯಿರಿ. ತೊಗಟೆಗೆ ನೇರವಾಗಿ ಬಳಿಯಬೇಡಿ, ಎಳೆ ಗಿಡದ ತೊಗಟೆ ಹಾಳಾಗುತ್ತದೆ. ಪಕ್ಕದ ಮರಕ್ಕೆ, ಬೇಲಿಗೆ, ನೆಲಕ್ಕೆ ತಾಗುವ ಕೊಂಬೆಗಳನ್ನು ತೆಗೆಯಿರಿ. ಒಂದು ಕೊಂಬೆ ಸೇತುವೆಯಂತೆ ಉಳಿದರೂ ಗ್ರೀಸ್ ಹಚ್ಚಿದ್ದು ವ್ಯರ್ಥ.

ಚಗಳಿ ಇರುವೆಯ ವಿಷಯದಲ್ಲಿ ಮಾತ್ರ ಸ್ವಲ್ಪ ನಿಧಾನ ಮಾಡಿ. ಎಲೆ ಹೊಲಿದು ಗೂಡು ಕಟ್ಟುವ ಆ ಕೆಂಪಿರುವೆ ಹಿಟ್ಟು ತಿಗಣೆಯನ್ನು ಸಾಕುವುದೂ ಹೌದು, ಗೇರು ಮರದಲ್ಲಿ ಟೀ ಸೊಳ್ಳೆಯನ್ನು ಹಿಡಿದು ತಿನ್ನುವುದೂ ಹೌದು. ಗೇರು ತೋಪಲ್ಲಿ ನಾನಾದರೆ ಚಗಳಿಯನ್ನು ಬಿಟ್ಟುಬಿಡುತ್ತೇನೆ, ಕೊಯ್ಲಿಗೆ ಹೋದವರು ಎಷ್ಟು ಬೈದರೂ ಸರಿ. ಮಲೆನಾಡಿನವರು ಹೇಗೂ ಅದರ ಚಟ್ನಿ ಮಾಡಿ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಾರೆ. ಅಂದ ಹಾಗೆ ಟೀ ಸೊಳ್ಳೆ, ಅಡಿಕೆಯ ಸುಳಿ ತಿಗಣೆ ಇವೂ ಚುಚ್ಚಿ ಹೀರುವವೇ. ಆದರೆ ಇವು ನಾಳದ ರಸಕ್ಕೆ ಹೋಗದೆ ಎಳೆಯ ಜೀವಕೋಶಗಳನ್ನೇ ಹೀರುತ್ತವೆ. ಹಾಗಾಗಿ ಅಂಟು ಇಲ್ಲ, ಮಸಿ ಇಲ್ಲ, ಸುಟ್ಟ ಕಲೆ ಮಾತ್ರ.

ಮಾವಿಗೆ ಕಾಯಬಾರದು

ಇಷ್ಟೆಲ್ಲ ಓದಿ "ಹಾಗಾದ್ರೆ ಎಲ್ಲದಕ್ಕೂ ಸುಮ್ಮನಿದ್ದರೆ ಆಯ್ತು" ಎಂದುಕೊಳ್ಳಬೇಡಿ. ಮಾವಿನ ಜಿಗಿಹುಳು ಬೇರೆ ಲೆಕ್ಕ. ತೆಂಗಿನ ಗರಿಯಿಂದ ಸ್ವಲ್ಪ ರಸ ಹೋದರೆ ಮರ ತಡೆಯುತ್ತದೆ. ಮಾವಿನಲ್ಲಿ ಹುಳು ಕೂರುವುದು ಹೂಗೊಂಚಲಿನ ಮೇಲೆ. ವರ್ಷದ ಬೆಳೆ ಪೂರ್ತಿ ಆ ಎರಡು ಮೂರು ವಾರದಲ್ಲಿ ತೀರ್ಮಾನ ಆಗುತ್ತದೆ. ಹೂವಿನ ದಂಟಿನೊಳಗೆ ಮೊಟ್ಟೆ ಇಡುತ್ತದೆ, ಮರಿಗಳು ಅಲ್ಲೇ ರಸ ಕುಡಿಯುತ್ತವೆ, ಗೊಂಚಲು ಒಣಗಿ ಉದುರುತ್ತದೆ. ಮಸಿ ಕಾಣುವ ಹೊತ್ತಿಗೆ ನಷ್ಟ ಆಗಿ ಹೋಗಿರುತ್ತದೆ.

ಹೂ ಇಲ್ಲದ ಕಾಲದಲ್ಲಿ ಇವು ಸಾಯುವುದಿಲ್ಲ. ತೊಗಟೆಯ ಬಿರುಕಿನಲ್ಲಿ ಅಡಗಿರುತ್ತವೆ. ಡಿಸೆಂಬರಿನಲ್ಲಿ ಮೊಗ್ಗು ಉಬ್ಬುವ ಮೊದಲೇ ಒಮ್ಮೆ ತೋಪಿನಲ್ಲಿ ನಿಧಾನವಾಗಿ ನಡೆಯಿರಿ. ಕೊಂಬೆ ಅಲುಗಿಸಿದಾಗ ಒಣ ಎಲೆ ಮೇಲೆ ಸಣ್ಣ ಮಳೆಹನಿ ಬಿದ್ದಂತೆ ಟಪಟಪ ಸದ್ದು ಕೇಳಿದರೆ ಜಿಗಿಹುಳು ಬೇಕಾದಷ್ಟಿದೆ ಅಂತ ಅರ್ಥ. ಶ್ರೀನಿವಾಸಪುರದ ಕಡೆಯ ಹಳೆಯ, ಕೊಂಬೆಗೆ ಕೊಂಬೆ ತಾಗಿದ ತೋಪುಗಳಲ್ಲಿ ಈ ಸದ್ದು ನಾನು ಚೆನ್ನಾಗಿ ಕೇಳಿದ್ದೇನೆ. ನೆರಳು, ತೇವ, ಗಾಳಿ ಆಡದ ಜಾಗ ಅವಕ್ಕೆ ಇಷ್ಟ. ಆದ್ದರಿಂದ ದೊಡ್ಡ ಮದ್ದು ಗರಗಸವೇ. ಕೊಯ್ಲು ಮುಗಿದ ಕೂಡಲೇ ಮರದ ನಡುಭಾಗದ ಕೊಂಬೆ ತೆಗೆದು ಬಿಸಿಲು ಒಳಗೆ ಇಳಿಯುವಂತೆ ಮಾಡಿ.

ಸಿಂಪಡಿಸಲೇಬೇಕು ಅಂದರೆ ಗೊಂಚಲು ಹೊರಡುವಾಗ, ಹೂ ಅರಳುವ ಮೊದಲು. ಕಾಂಡ ಮತ್ತು ದೊಡ್ಡ ಕೊಂಬೆಗಳಿಗೂ ತಾಗಬೇಕು. ಹೂ ಪೂರ್ತಿ ಅರಳಿದಾಗ ಕೀಟನಾಶಕ ಬೇಡವೇ ಬೇಡ. ಮಾವಿನ ಪರಾಗಸ್ಪರ್ಶ ಮಾಡುವವು ನೊಣಗಳು ಮತ್ತು ಜೇನು. ಅವು ಸತ್ತರೆ ಹುಳು ಇಲ್ಲದ ಹೂವು ಇದ್ದೂ ಪ್ರಯೋಜನ ಇಲ್ಲ. ಪ್ರತಿ ವರ್ಷ ಒಂದೇ ಔಷಧಿಯನ್ನೂ ಹೊಡೆಯಬೇಡಿ. ಪ್ರಮಾಣಕ್ಕೆ ಡಬ್ಬಿಯ ಲೇಬಲ್ ಅಥವಾ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಅಧಿಕಾರಿಯ ಮಾತು ಕೇಳಿ, ಪಕ್ಕದ ತೋಟದವರದ್ದಲ್ಲ.

ಪಪ್ಪಾಯದಲ್ಲಿ ಆದದ್ದು

ಕಣಜದ ಮೇಲೆ ಇಷ್ಟು ಭರವಸೆ ಯಾಕೆ ಅಂತ ಕೇಳುವವರಿಗೆ ಪಪ್ಪಾಯದ ಹಿಟ್ಟು ತಿಗಣೆ ನೆನಪಿಸುತ್ತೇನೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಈ ಕೀಟ ಪಪ್ಪಾಯ, ಹಿಪ್ಪುನೇರಳೆ, ಮರಗೆಣಸು ಏನನ್ನೂ ಬಿಡಲಿಲ್ಲ. ಹತ್ತಿ ಬಿಚ್ಚಿ ಎರಚಿದಂತೆ ಗಿಡ ಬೆಳ್ಳಗಾಗುತ್ತಿತ್ತು. ರೇಷ್ಮೆ ಬೆಳೆಗಾರರಿಗೆ ಕೀಟನಾಶಕ ಹೊಡೆಯುವ ಹಾಗೂ ಇರಲಿಲ್ಲ, ಸೊಪ್ಪು ತಿಂದ ಹುಳುವೇ ಸಾಯುತ್ತದೆ. 2010ರಲ್ಲಿ ಬೆಂಗಳೂರಿನ ಕೇಂದ್ರ ಸರ್ಕಾರದ ಕೀಟ ಸಂಸ್ಥೆ (ಈಗಿನ ಹೆಸರು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ) ಪೋರ್ಟೊ ರಿಕೊದಿಂದ ಮೂರು ಜಾತಿಯ ಪುಟ್ಟ ಕಣಜಗಳನ್ನು ತರಿಸಿ, ಪರೀಕ್ಷಿಸಿ, ಬೆಳೆಸಿ ಹಂಚಿತು. ಅದರಲ್ಲಿ ಅಸೆರೊಫಾಗಸ್ ಪಪಾಯೆ ಎಂಬುದು ಬಿಟ್ಟ ಕಡೆಯೆಲ್ಲ ನೆಲೆ ನಿಂತಿತು. ಇವತ್ತು ಆ ತಿಗಣೆ ಅಲ್ಲಲ್ಲಿ ಕಾಣುತ್ತದೆ, ಆದರೆ ತೋಟ ಕಡಿದು ಹಾಕುವ ಹಾಗೆ ಅಲ್ಲ. ಮದ್ದು ಹೊಡೆಯದೆ ಬಿಟ್ಟ ತೋಟಗಳಲ್ಲಿ ಕಣಜ ಬೇಗ ಹಿಡಿತಕ್ಕೆ ತಂದಿತು.

ಅಡಿಕೆಯ ಹಳದಿ ಎಲೆ ರೋಗದ ಬಗ್ಗೆ ಒಂದೆರಡು ಮಾತು ಹೇಳದೆ ಈ ವಿಷಯ ಮುಗಿಯುವುದಿಲ್ಲ. ಸುಳ್ಯ, ಸಂಪಾಜೆ, ಶೃಂಗೇರಿ, ಕೊಪ್ಪದ ಕಡೆ ತೋಟಗಳನ್ನೇ ಮುಗಿಸಿದ ಆ ರೋಗದ ಫೈಟೋಪ್ಲಾಸ್ಮಾ ಬದುಕುವುದು ಆಹಾರ ನಾಳದಲ್ಲಿ. ಅದನ್ನು ಮರದಿಂದ ಮರಕ್ಕೆ ಸಾಗಿಸುವುದು ಅಲ್ಲಿ ರಸ ಕುಡಿಯುವ ಪ್ರೌಟಿಸ್ಟಾ ಮೊಯೆಸ್ಟಾ ಎಂಬ ಪುಟ್ಟ ಜಿಗಿಹುಳು. ಇಲ್ಲಿ ಕುಡಿದ ರಸ ನಷ್ಟವೇ ಅಲ್ಲ, ಬಾಯಲ್ಲಿ ತಂದು ಬಿಟ್ಟದ್ದು ನಷ್ಟ. ಶ್ರೀಗಂಧದ ಸ್ಪೈಕ್ ರೋಗವೂ ಇದೇ ಜಾತಿಯ ಸೂಕ್ಷ್ಮಜೀವಿಯದು. ಕೊಡಗಿನಲ್ಲಿ 1899ರಷ್ಟು ಹಿಂದೆಯೇ ಅದನ್ನು ಗುರುತಿಸಿದ್ದರು. ಹಳದಿ ಎಲೆ ಪ್ರದೇಶದಿಂದ ಅಡಿಕೆ ಸಸಿ ತರುವ ಮುಂಚೆ ಇದೊಂದು ನೆನಪಿರಲಿ. ಇದರ ಬಗ್ಗೆ ಬೇರೆ ವಾರ ಬರೆಯುತ್ತೇನೆ.

ಕೊನೆಗೆ, ಈಗಾಗಲೇ ಕೂತ ಮಸಿಯನ್ನು ಏನು ಮಾಡುವುದು ಅಂತ ಕೇಳುತ್ತೀರಿ. ಮೇಲಿನ ಹುಳು ತಗ್ಗಿದ ಮೇಲೆ ಲೀಟರ್ ನೀರಿಗೆ 10 ಗ್ರಾಂ ಲೆಕ್ಕದಲ್ಲಿ ಮೈದಾ ಅಥವಾ ಬೇರೆ ಪಿಷ್ಟವನ್ನು ತೆಳ್ಳಗೆ ಗಂಜಿ ಕಾಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಮಸಿ ಹಿಡಿದ ಎಲೆಗೆ ಸಿಂಪಡಿಸಿ. ಸೋಸದಿದ್ದರೆ ನಾಜಲ್ ಕಟ್ಟಿಕೊಂಡು ಅರ್ಧ ದಿನ ಹೋಗುತ್ತದೆ. ಬಿಸಿಲು ಚೆನ್ನಾಗಿರುವ ದಿನ ಬೆಳಿಗ್ಗೆ ಹೊಡೆದರೆ ಗಂಜಿ ಎಲೆ ಮೇಲೆ ಒಣಗಿ, ಬೂಷ್ಟನ್ನು ಹಿಡಿದುಕೊಂಡು ಹಪ್ಪಳದ ಚೂರಿನಂತೆ ಏಳುತ್ತದೆ. ಗಾಳಿಗೆ ಉದುರುತ್ತದೆ. ಮಳೆಗಾಲಕ್ಕೆ ಇನ್ನು ಒಂದು ತಿಂಗಳಷ್ಟೇ ಇದ್ದರೆ ಆ ಕೆಲಸವೂ ಬೇಡ, ಮೊದಲ ನಾಲ್ಕು ಮಳೆ ಅದನ್ನು ತೊಳೆದು ಕೊಡುತ್ತದೆ.